‘ಗುಡ್’ ದಾಟಿ ಮುಂದೆ: ಮೆಚ್ಚುಗೆಯ ಮಾತಿಗೆ ಇಂಗ್ಲಿಷ್ ಗುಣವಾಚಕಗಳ ಬೋಧನೆ

ಪೀಠಿಕೆ

ಬಸವನ ಬಾಗೇವಾಡಿ ಸುತ್ತಲಿನ ಶಾಲೆಗಳಿಗೆ ಬೋಧನಾಭ್ಯಾಸಕ್ಕೆಂದು ಹೋಗುವ ಪ್ರಶಿಕ್ಷಣಾರ್ಥಿಗಳ ಇಂಗ್ಲಿಷ್ ಪಾಠಗಳಲ್ಲಿ ಎರಡು ಗುಣವಾಚಕಗಳು ಮತ್ತೆ ಮತ್ತೆ ಕೇಳಿಬರುತ್ತವೆ: ‘ಗುಡ್’ ಮತ್ತು ‘ನೈಸ್’. ಮಗು ಸರಿಯುತ್ತರ ಕೊಟ್ಟರೆ ‘ಗುಡ್’, ಚಿತ್ರ ಬರೆದು ತೋರಿಸಿದರೆ ‘ನೈಸ್’, ಕವಿತೆ ಓದಿದರೆ ‘ವೆರಿ ಗುಡ್’. ಮಕ್ಕಳು ಒಬ್ಬರನ್ನೊಬ್ಬರು ಇಂಗ್ಲಿಷಿನಲ್ಲಿ ಮೆಚ್ಚಬೇಕಾದಾಗಲೂ ಅವೇ ಎರಡು ಪದ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007–08ನೇ ಸಾಲಿನಿಂದ ಒಂದನೇ ತರಗತಿಯಲ್ಲಿಯೇ ಇಂಗ್ಲಿಷ್ ಕಲಿಕೆ ಆರಂಭವಾಗುತ್ತದೆ. ಏಳನೇ ತರಗತಿಗೆ ಬರುವ ಹೊತ್ತಿಗೆ ಮಗು ನೂರಾರು ಇಂಗ್ಲಿಷ್ ಪದಗಳನ್ನು ಓದಿರುತ್ತದೆ, ಬರೆದಿರುತ್ತದೆ. ಆದರೂ ಪಕ್ಕದ ಗೆಳತಿಯ ರಂಗೋಲಿ ನೋಡಿ ಹೇಳಲು ಅದಕ್ಕೆ ‘ನೈಸ್’ ಬಿಟ್ಟು ಬೇರೊಂದು ಪದ ಬಾಯಿಗೆ ಬರುವುದಿಲ್ಲ.

ಇದಕ್ಕೆ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಹುಡುಕುವ ಪರಿಹಾರ ಸಮಾನಾರ್ಥಕ ಪದಗಳ ಪಟ್ಟಿ. ‘ಗುಡ್’ ಪದಕ್ಕೆ ಬದಲಾಗಿ ಹತ್ತು ಪದಗಳನ್ನು ಚಾರ್ಟಿನ ಮೇಲೆ ಬರೆದು, ಮಕ್ಕಳಿಂದ ಮೂರು ಸಲ ಓದಿಸಿ, ನೋಟ್‌ಬುಕ್ಕಿಗೆ ಇಳಿಸಿಕೊಳ್ಳಲು ಹೇಳಲಾಗುತ್ತದೆ. ಮರುದಿನ ಪಟ್ಟಿ ನೋಟ್‌ಬುಕ್ಕಿನಲ್ಲಿಯೇ ಇರುತ್ತದೆ, ಮಾತಿನಲ್ಲಿ ‘ನೈಸ್’ ಉಳಿದಿರುತ್ತದೆ. ಪದಗಳ ಪಟ್ಟಿ ಏಕೆ ಮಾತಾಗುವುದಿಲ್ಲ, ಮಾತಾಗಬೇಕಾದರೆ ಪಾಠವನ್ನು ಹೇಗೆ ಕಟ್ಟಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಮಗುವಿಗೆ ಈಗಾಗಲೇ ಗೊತ್ತಿರುವುದೇನು?

ನಮ್ಮ ಭಾಗದ ಮಗುವಿಗೆ ಮೆಚ್ಚುಗೆಯ ಮಾತು ಹೊಸದಲ್ಲ. ‘ಪಲ್ಲೆ ಭಾಳ ರುಚಿ ಆಗೇತಿ’, ‘ಅಂಗಿ ಚೆಂದ ಕಾಣಸ್ತೈತಿ’, ‘ಮಸ್ತ್ ಆಡಿದಿ ಲೇ’ ಎಂದು ಅದು ದಿನವೂ ಹೇಳುತ್ತದೆ, ಕೇಳುತ್ತದೆ. ಯಾವ ವಸ್ತುವಿಗೆ ಯಾವ ಪದ ಸಲ್ಲುತ್ತದೆ ಎಂಬ ತಿಳಿವಳಿಕೆಯೂ ಅದಕ್ಕಿದೆ. ರೊಟ್ಟಿಯನ್ನೇ ನೋಡಿ. ಹಂಚಿನಿಂದ ಈಗಷ್ಟೇ ಇಳಿಸಿದ ಬಿಸಿ ಜೋಳದ ರೊಟ್ಟಿ ‘ಮೆತ್ತಗ’ ಇದ್ದರೆ ಅದು ಮೆಚ್ಚುಗೆ. ಖಡಕ್ ರೊಟ್ಟಿಯನ್ನು ‘ಮೆತ್ತಗ ಆಗೇತಿ’ ಎಂದರೆ ಅದು ದೂರು. ಗುಣವಾಚಕ ಅದೇ, ಆದರೆ ವಸ್ತು ಬದಲಾದೊಡನೆ ಹೊಗಳಿಕೆ ತೆಗಳಿಕೆಯಾಯಿತು. ಈ ವ್ಯತ್ಯಾಸವನ್ನು ನಾಲ್ಕನೇ ತರಗತಿಯ ಮಗುವಿಗೂ ಯಾರೂ ಕಲಿಸಬೇಕಾಗಿಲ್ಲ.

‘ಖಡಕ್’ ಎಂಬ ಪದವನ್ನೇ ಇನ್ನಷ್ಟು ಗಮನಿಸೋಣ. ಖಡಕ್ ರೊಟ್ಟಿ, ಖಡಕ್ ಚಹಾ, ಖಡಕ್ ಮಾಸ್ತರು, ಖಡಕ್ ಇಸ್ತ್ರಿ ಎಂದು ಎಲ್ಲಕ್ಕೂ ನಮ್ಮಲ್ಲಿ ಒಂದೇ ಪದ ನಡೆಯುತ್ತದೆ. ಇಂಗ್ಲಿಷಿಗೆ ಬಂದರೆ ರೊಟ್ಟಿ ‘ಕ್ರಿಸ್ಪಿ’, ಚಹಾ ‘ಸ್ಟ್ರಾಂಗ್’, ಮಾಸ್ತರು ‘ಸ್ಟ್ರಿಕ್ಟ್’, ಇಸ್ತ್ರಿ ಮಾಡಿದ ಅಂಗಿ ‘ಕ್ರಿಸ್ಪ್’. ‘ಖಡಕ್ ಎಂದರೆ ಸ್ಟ್ರಾಂಗ್’ ಎಂದು ಪಟ್ಟಿಯಲ್ಲಿ ಕಲಿತ ಮಗು ರೊಟ್ಟಿಯನ್ನೂ ‘ಸ್ಟ್ರಾಂಗ್’ ಎನ್ನುತ್ತದೆ. ತಪ್ಪು ಮಗುವಿನದಲ್ಲ, ಪದವನ್ನು ಅದರ ವಸ್ತುವಿನಿಂದ ಬಿಡಿಸಿ ಕೊಟ್ಟ ಪಟ್ಟಿಯದು.

ಗುಣವಾಚಕವನ್ನು ಒಂಟಿಯಾಗಿ ಕಲಿಸದೆ ನಾಮಪದದೊಡನೆ ಜೋಡಿಯಾಗಿ ಕಲಿಸಬೇಕು ಎಂಬುದು ಇದರಿಂದ ಹೊರಡುವ ಮೊದಲ ಸೂತ್ರ. ‘ಕ್ರಿಸ್ಪಿ’ ಎಂದು ಬರೆಯುವ ಬದಲು ‘ಕ್ರಿಸ್ಪಿ ರೊಟ್ಟಿ’ ಎಂದೂ, ‘ನೀಟ್’ ಎಂದು ಬರೆಯುವ ಬದಲು ‘ನೀಟ್ ಹ್ಯಾಂಡ್‌ರೈಟಿಂಗ್’ ಎಂದೂ ಕಪ್ಪುಹಲಗೆಯ ಮೇಲೆ ಬರೆಯಬೇಕು. ಬ್ರಿಟನ್ನಿನ ಮೈಕೆಲ್ ಲೂಯಿಸ್ 1993ರಲ್ಲಿ ಪ್ರಕಟಿಸಿದ ‘ದ ಲೆಕ್ಸಿಕಲ್ ಅಪ್ರೋಚ್’ ಗ್ರಂಥದ ಮುಖ್ಯ ವಾದವೂ ಇಂಥದೇ: ಭಾಷೆ ನಮ್ಮ ನೆನಪಿನಲ್ಲಿ ಬಿಡಿ ಪದಗಳಾಗಿ ಅಲ್ಲ, ಬಹುಮಟ್ಟಿಗೆ ಪದಗಳ ಗುಚ್ಛಗಳಾಗಿ ಉಳಿಯುತ್ತದೆ.

2. ಇಂಗ್ಲಿಷ್ ಮಾತೃಭಾಷಿಕರು ಎಷ್ಟು ಪದ ಬಳಸುತ್ತಾರೆ?

ಇಂಗ್ಲಿಷನ್ನು ಮನೆಮಾತಾಗಿ ಉಳ್ಳವರು ಮೆಚ್ಚುಗೆಗೆ ನೂರಾರು ಪದ ಬಳಸುತ್ತಾರೆ ಎಂಬ ಕಲ್ಪನೆ ಸಾಮಾನ್ಯವಾಗಿದೆ. ವಾಸ್ತವ ಹಾಗಿಲ್ಲ. ಅಮೆರಿಕದ ಜೋನ್ ಮೇನ್ಸ್ ಮತ್ತು ನೆಸ್ಸಾ ವೂಲ್ಫ್‌ಸನ್ ಎಂಬ ಇಬ್ಬರು ಭಾಷಾವಿಜ್ಞಾನಿಗಳು ದಿನನಿತ್ಯದ ಸಂಭಾಷಣೆಗಳಿಂದ ಸುಮಾರು 700 ಮೆಚ್ಚುಗೆಯ ಮಾತುಗಳನ್ನು ಸಂಗ್ರಹಿಸಿ 1981ರಲ್ಲಿ ವಿಶ್ಲೇಷಣೆ ಪ್ರಕಟಿಸಿದರು. ಅವುಗಳಲ್ಲಿ ಶೇಕಡಾ 80ರಷ್ಟು ಮಾತುಗಳು ಗುಣವಾಚಕವನ್ನೇ ಆಧರಿಸಿದ್ದವು. ಅಂಥ ಮಾತುಗಳ ಮೂರನೇ ಎರಡು ಭಾಗ ಕೇವಲ ಐದು ಗುಣವಾಚಕಗಳಿಂದ ಆಗಿದ್ದವು: ‘ನೈಸ್’, ‘ಗುಡ್’, ‘ಬ್ಯೂಟಿಫುಲ್’, ‘ಪ್ರಿಟಿ’ ಮತ್ತು ‘ಗ್ರೇಟ್’. ವಾಕ್ಯರಚನೆಯಲ್ಲಿಯೂ ಇದೇ ಕಥೆ. ಒಟ್ಟು ಮಾತುಗಳಲ್ಲಿ ಶೇಕಡಾ 85ರಷ್ಟು ಮೂರೇ ಮಾದರಿಗಳಲ್ಲಿ ಅಡಕವಾಗಿದ್ದವು.

ಪ್ರಶಿಕ್ಷಣಾರ್ಥಿಗಳು ಇದರಿಂದ ಎರಡು ವಿಷಯ ತಿಳಿಯಬೇಕು. ಮೊದಲನೆಯದು, ‘ಗುಡ್’, ‘ನೈಸ್’ ಎನ್ನುವ ಮಗು ತಪ್ಪು ಮಾಡುತ್ತಿಲ್ಲ. ಆ ಪದಗಳನ್ನು ನಿಷೇಧಿಸುವ, ಬಳಸಿದವರನ್ನು ನಗೆಗೀಡು ಮಾಡುವ ಆಟಗಳನ್ನು ತರಗತಿಯಲ್ಲಿ ಆಡಿಸಬಾರದು. ಎರಡನೆಯದು, ಈ ಪದಗಳು ಎಲ್ಲೆಡೆ ನಡೆಯುವುದೇ ಅವುಗಳ ಅರ್ಥ ಬಹಳ ಸಡಿಲವಾಗಿರುವುದರಿಂದ. ರೊಟ್ಟಿ, ಅಂಗಿ, ಹಾಡು, ಮನುಷ್ಯ, ಯಾವುದಕ್ಕೂ ‘ನೈಸ್’ ಸಲ್ಲುತ್ತದೆ. ಆದ್ದರಿಂದ ಯಾವುದರ ಬಗ್ಗೆಯೂ ಅದು ಹೆಚ್ಚೇನೂ ಹೇಳುವುದಿಲ್ಲ. ‘ಡಿಲಿಷಸ್’ ಎಂಬುದು ತಿನಿಸಿಗೆ ಮಾತ್ರ, ‘ನೀಟ್’ ಎಂಬುದು ಅಚ್ಚುಕಟ್ಟಿಗೆ, ‘ಪೇಷಂಟ್’ ಎಂಬುದು ತಾಳ್ಮೆಗೆ. ಇಂಥ ಪದ ಬಳಸಿದವನು ಎದುರಿನ ವಸ್ತುವನ್ನು ಅಥವಾ ವ್ಯಕ್ತಿಯನ್ನು ಕಣ್ಣಿಟ್ಟು ನೋಡಿದ್ದಾನೆ ಎಂಬುದು ಕೇಳುವವನಿಗೆ ತಿಳಿಯುತ್ತದೆ. ಮೆಚ್ಚುಗೆ ಮುಟ್ಟುವುದು ಆ ನೋಟದಿಂದ.

ಹೀಗಾಗಿ ನಮ್ಮ ಪಾಠದ ಗುರಿ ಪಟ್ಟಿಯನ್ನು ಉದ್ದ ಮಾಡುವುದಲ್ಲ. ಮಗು ಮೊದಲು ನೋಡಬೇಕು, ಏನು ಹಿಡಿಸಿತೆಂದು ಗುರುತಿಸಬೇಕು, ಆಮೇಲೆ ಅದಕ್ಕೆ ತಕ್ಕ ಒಂದು ಪದ ಹುಡುಕಬೇಕು. ಪದವೈವಿಧ್ಯ ಈ ಕ್ರಮದ ಫಲವಾಗಿ ತಾನಾಗಿ ಬರುತ್ತದೆ.

3. ಮೊದಲು ವಾಕ್ಯದ ಮಾದರಿ, ನಂತರ ಪದ

ಮೇಲಿನ ಅಧ್ಯಯನದಲ್ಲಿ ಕಂಡುಬಂದ ಮೂರು ಮಾದರಿಗಳನ್ನು ನಮ್ಮ ತರಗತಿಗೆ ಹೊಂದಿಸಿಕೊಂಡರೆ ಹೀಗಾಗುತ್ತವೆ:

ಮಾದರಿ ಒಂದು: ‘ಯುವರ್ ಡ್ರಾಯಿಂಗ್ ಈಸ್ ರಿಯಲಿ ಕಲರ್‌ಫುಲ್.’ ‘ಈಸ್’ ಇರುವಲ್ಲಿ ‘ಲುಕ್ಸ್’ ಕೂಡ ಬರಬಹುದು.
ಮಾದರಿ ಎರಡು: ‘ಐ ಲೈಕ್ ಯುವರ್ ನೀಟ್ ಹ್ಯಾಂಡ್‌ರೈಟಿಂಗ್.’
ಮಾದರಿ ಮೂರು: ‘ದಟ್ಸ್ ಅ ಕ್ಲೆವರ್ ಆನ್ಸರ್.’

ಅಧ್ಯಯನದ ಮಾತುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮೊದಲ ಮಾದರಿಗೆ ಸೇರಿದ್ದವು. ಆದ್ದರಿಂದ ಆರನೇ, ಏಳನೇ ತರಗತಿಗಳಲ್ಲಿ ಅದನ್ನೇ ಮೊದಲು ಗಟ್ಟಿ ಮಾಡಬೇಕು. ನಾಲ್ಕನೆಯದಾಗಿ ‘ವಾಟ್ ಅ ಲವ್ಲಿ ರಂಗೋಲಿ!’ ಎಂಬ ಉದ್ಗಾರದ ಮಾದರಿಯನ್ನೂ ಸೇರಿಸಿಕೊಳ್ಳಬಹುದು. ಅದು ನಮ್ಮ ‘ಎಂಥಾ ಚೆಂದ ರಂಗೋಲಿ!’ ಎಂಬುದಕ್ಕೆ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಹೊಂದುವುದರಿಂದ ಮಕ್ಕಳಿಗೆ ಬೇಗ ಹಿಡಿತಕ್ಕೆ ಸಿಗುತ್ತದೆ.

ಮಾದರಿಯ ಹಿಂದೆಯೇ ಕಾರಣದ ಒಂದು ಚಿಕ್ಕ ವಾಕ್ಯವನ್ನು ಸೇರಿಸುವುದು ಪಾಠದ ಜೀವಾಳ. ‘ಯುವರ್ ಹ್ಯಾಂಡ್‌ರೈಟಿಂಗ್ ಈಸ್ ನೀಟ್. ಐ ಕ್ಯಾನ್ ರೀಡ್ ಎವ್ರಿ ವರ್ಡ್.’ ಎರಡನೆಯ ವಾಕ್ಯ ಬರೆಯಬೇಕಾದರೆ ಮಗು ಗೆಳೆಯನ ನೋಟ್‌ಬುಕ್ಕನ್ನು ನಿಜವಾಗಿ ಓದಲೇಬೇಕು. ಕಾರಣ ಸಿಗದಿದ್ದರೆ ಆರಿಸಿದ ಪದ ಸರಿಯಿಲ್ಲ ಎಂಬುದು ಮಗುವಿಗೇ ಗೊತ್ತಾಗುತ್ತದೆ.

4. ಯಾವ ವಸ್ತುವಿಗೆ ಯಾವ ಪದ?

ಪ್ರಶಿಕ್ಷಣಾರ್ಥಿಗಳ ಅನುಕೂಲಕ್ಕಾಗಿ, ಏಳನೇ ತರಗತಿಯ ಮಟ್ಟಕ್ಕೆ ಸಾಕಾಗುವ ಪದಗಳನ್ನು ಮೆಚ್ಚುವ ವಸ್ತುವಿನ ಪ್ರಕಾರ ಕೆಳಗೆ ವರ್ಗೀಕರಿಸಲಾಗಿದೆ. ಒಂದು ತರಗತಿ ಅವಧಿಗೆ ಒಂದು ಅಥವಾ ಎರಡು ವರ್ಗ ಮಾತ್ರ ತೆಗೆದುಕೊಳ್ಳಬೇಕು.

ಊಟ, ತಿನಿಸು: ‘ಟೇಸ್ಟಿ’, ‘ಡಿಲಿಷಸ್’, ‘ಸಾಫ್ಟ್’, ‘ಕ್ರಿಸ್ಪಿ’, ‘ಫ್ರೆಶ್’. ಶೇಂಗಾ ಹೋಳಿಗೆಗೆ ‘ಸಾಫ್ಟ್’, ಖಡಕ್ ರೊಟ್ಟಿಗೆ ‘ಕ್ರಿಸ್ಪಿ’, ಇಂಡಿಯ ನಿಂಬೆಹಣ್ಣಿಗೆ ‘ಫ್ರೆಶ್’.

ಉಡುಪು: ‘ಸ್ಮಾರ್ಟ್’, ‘ಪ್ರಿಟಿ’, ‘ಬ್ರೈಟ್’, ‘ಕಲರ್‌ಫುಲ್’. ಮಕ್ಕಳಿಗೆ ‘ಸ್ಮಾರ್ಟ್’ ಪದ ಮೊಬೈಲ್ ಫೋನಿನಿಂದ ಗೊತ್ತಿರುತ್ತದೆ. ಸಮವಸ್ತ್ರವನ್ನು ಒಪ್ಪವಾಗಿ ತೊಟ್ಟು ಬಂದವರಿಗೂ ಅದೇ ಪದ ಸಲ್ಲುತ್ತದೆ ಎಂದು ತಿಳಿಸಬೇಕು.

ಕೈಕೆಲಸ, ಬರವಣಿಗೆ: ‘ನೀಟ್’, ‘ಕ್ಲಿಯರ್’, ‘ಬ್ಯೂಟಿಫುಲ್’, ‘ಕ್ರಿಯೇಟಿವ್’. ನಕ್ಷೆಗೆ ‘ಕ್ಲಿಯರ್’, ಅಕ್ಷರಕ್ಕೆ ‘ನೀಟ್’, ಹಳೆಯ ಬಳೆಚೂರುಗಳಿಂದ ಮಾಡಿದ ಅಲಂಕಾರಕ್ಕೆ ‘ಕ್ರಿಯೇಟಿವ್’.

ಆಟ: ‘ಫಾಸ್ಟ್’, ‘ಕ್ವಿಕ್’, ‘ಸ್ಟ್ರಾಂಗ್’, ‘ಬ್ರೇವ್’. ಕಬಡ್ಡಿಯಲ್ಲಿ ಒಬ್ಬಳು ದಾಳಿಗೆ ಹೋಗಿ ಗೆರೆ ಮುಟ್ಟಿ ಬಂದರೆ ‘ಕ್ವಿಕ್’. ತಾನೊಬ್ಬಳೇ ಉಳಿದಾಗಲೂ ಹಿಂಜರಿಯದೆ ಹೋದರೆ ‘ಬ್ರೇವ್’.

ಮಾತು, ಉತ್ತರ, ಕಥೆ: ‘ಕ್ಲೆವರ್’, ‘ಇಂಟರೆಸ್ಟಿಂಗ್’, ‘ಫನ್ನಿ’, ‘ಥಾಟ್‌ಫುಲ್’. ಇವುಗಳಲ್ಲಿ ‘ಫನ್ನಿ’ ಪದವನ್ನು ಕಥೆಗೆ, ನಗೆಮಾತಿಗೆ ಬಳಸಬೇಕು. ‘ಯು ಲುಕ್ ಫನ್ನಿ’ ಎಂದರೆ ಹಂಗಿಸಿದಂತೆ.

ನಡತೆ: ‘ಕೈಂಡ್’, ‘ಹೆಲ್ಪ್‌ಫುಲ್’, ‘ಪೊಲೈಟ್’, ‘ಆನೆಸ್ಟ್’, ‘ಪೇಷಂಟ್’. ನಮ್ಮ ಮಕ್ಕಳು ‘ಪೇಷಂಟ್’ ಪದವನ್ನು ದವಾಖಾನೆಯಲ್ಲಿ ಕೇಳಿರುತ್ತಾರೆ. ‘ಯು ಆರ್ ಪೇಷಂಟ್’ ಎಂದರೆ ‘ನೀ ತಾಳ್ಮೆಯವನು’ ಎಂದೂ, ನಡುವೆ ‘ಅ’ ಸೇರಿಸಿ ‘ಯು ಆರ್ ಅ ಪೇಷಂಟ್’ ಎಂದರೆ ‘ನೀ ರೋಗಿ’ ಎಂದೂ ಆಗುತ್ತದೆ. ಆರ್ಟಿಕಲ್‌ನ ಮಹತ್ವವನ್ನು ತಿಳಿಸಲು ಇದಕ್ಕಿಂತ ಉತ್ತಮ ಉದಾಹರಣೆ ಸಿಗಲಾರದು.

ವರ್ಗಗಳನ್ನು ದಾಟುವಾಗ ಕೆಲವು ಪದಗಳಲ್ಲಿ ಎಚ್ಚರಿಕೆ ಬೇಕು. ‘ಹ್ಯಾಂಡ್ಸಮ್’ ಎಂಬುದನ್ನು ಸಾಮಾನ್ಯವಾಗಿ ಗಂಡಸರಿಗೂ ‘ಪ್ರಿಟಿ’ ಎಂಬುದನ್ನು ಹೆಣ್ಣುಮಕ್ಕಳಿಗೂ ಬಳಸುತ್ತಾರೆ. ‘ಹೋಮ್ಲಿ’ ಎಂಬುದು ನಮ್ಮ ದೇಶದ ವಧುವರರ ಜಾಹೀರಾತುಗಳಲ್ಲಿ ಹೊಗಳಿಕೆ. ಅಮೆರಿಕದಲ್ಲಿ ಒಬ್ಬರ ಮುಖದ ಬಗ್ಗೆ ಅದೇ ಪದ ಬಳಸಿದರೆ ‘ನೋಡಲು ಚೆಂದವಿಲ್ಲ’ ಎಂದರ್ಥ.

5. ಕನ್ನಡದ ರಚನೆಯಿಂದ ಬರುವ ತೊಡಕುಗಳು

ಮಕ್ಕಳ ತಪ್ಪುಗಳನ್ನು ಕೆಂಪು ಶಾಯಿಯಿಂದ ಗುರುತಿಸುವ ಮೊದಲು ಅವು ಎಲ್ಲಿಂದ ಬಂದವು ಎಂದು ವಿಚಾರಿಸಬೇಕು. ಬಹಳಷ್ಟು ತಪ್ಪುಗಳು ಮನೆಮಾತಿನ ನಿಯಮವನ್ನು ಮಗು ನಿಷ್ಠೆಯಿಂದ ಪಾಲಿಸಿದ್ದರ ಪರಿಣಾಮ.

ಅ) ‘ಛಲೋ’ ಎಂಬ ಪದ ಗುಣವಾಚಕವೂ ಹೌದು, ಕ್ರಿಯಾವಿಶೇಷಣವೂ ಹೌದು. ‘ಛಲೋ ಹಾಡು’ ಎನ್ನುತ್ತೇವೆ, ‘ಛಲೋ ಹಾಡಿದಿ’ ಎಂದೂ ಎನ್ನುತ್ತೇವೆ. ಇಂಗ್ಲಿಷ್ ಇವನ್ನು ಬೇರೆ ಮಾಡುತ್ತದೆ: ‘ಗುಡ್ ಸಾಂಗ್’, ಆದರೆ ‘ಯು ಸ್ಯಾಂಗ್ ವೆಲ್’. ಮಗು ‘ಯು ಸ್ಯಾಂಗ್ ಗುಡ್’ ಎಂದರೆ ಅದರ ಹಿಂದೆ ‘ಛಲೋ’ ಇದೆ.

ಆ) ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಪಠ್ಯದ ಕನ್ನಡದಲ್ಲಿ ‘ಚೆನ್ನಾಗಿ ಕಾಣುತ್ತದೆ’ ಎನ್ನುವುದರಿಂದ ‘ಇಟ್ ಲುಕ್ಸ್ ಬ್ಯೂಟಿಫುಲಿ’ ಎಂಬ ವಾಕ್ಯ ಹುಟ್ಟುತ್ತದೆ. ‘ಲುಕ್’, ‘ಟೇಸ್ಟ್’, ‘ಸ್ಮೆಲ್’, ‘ಸೌಂಡ್’ ಕ್ರಿಯಾಪದಗಳು ವಸ್ತುವಿನ ಗುಣ ಹೇಳುವಾಗ ಅವುಗಳ ನಂತರ ಗುಣವಾಚಕವೇ ಬರುತ್ತದೆ: ‘ಇಟ್ ಲುಕ್ಸ್ ಬ್ಯೂಟಿಫುಲ್’, ‘ಇಟ್ ಟೇಸ್ಟ್ಸ್ ಡಿಲಿಷಸ್’.

ಇ) ‘ನಿನ್ನ ರಂಗೋಲಿ ಚೆಂದ’ ಎಂಬುದು ಕ್ರಿಯಾಪದವಿಲ್ಲದೆ ಪೂರ್ಣವಾಗುವ ಕನ್ನಡ ವಾಕ್ಯ. ಹೀಗಾಗಿ ‘ಯುವರ್ ರಂಗೋಲಿ ನೈಸ್’ ಎಂದು ‘ಈಸ್’ ಬಿಟ್ಟುಹೋಗುತ್ತದೆ.

ಈ) ನಮ್ಮಲ್ಲಿ ‘ಅಕ್ಷರ ಚೆಂದ ಅದಾವ’, ‘ಕೂದಲ ಉದ್ದ ಅದಾವ’ ಎಂದು ಬಹುವಚನ ಬಳಸುತ್ತೇವೆ. ಅದರಿಂದ ‘ಯುವರ್ ಹ್ಯಾಂಡ್‌ರೈಟಿಂಗ್ ಆರ್ ನೀಟ್’, ‘ಯುವರ್ ಹೇರ್ಸ್ ಆರ್ ಲಾಂಗ್’ ಎಂಬ ರೂಪಗಳು ಬರುತ್ತವೆ. ಇಂಗ್ಲಿಷಿನಲ್ಲಿ ಕೈಬರಹವೂ ತಲೆಗೂದಲೂ ಏಕವಚನ.

ಉ) ‘ವೆರಿ’ ಪದವನ್ನು ಎಲ್ಲಕ್ಕೂ ಅಂಟಿಸುವುದು. ‘ವೆರಿ ಟೇಸ್ಟಿ’ ಸರಿ. ಆದರೆ ‘ಡಿಲಿಷಸ್’, ‘ಎಕ್ಸಲೆಂಟ್’, ‘ವಂಡರ್‌ಫುಲ್’ ಪದಗಳ ಒಳಗೇ ‘ಬಹಳ’ ಎಂಬ ಅರ್ಥ ಅಡಗಿದೆ. ಆದ್ದರಿಂದ ‘ವೆರಿ ಎಕ್ಸಲೆಂಟ್’ ಎನ್ನುವುದಿಲ್ಲ. ಒತ್ತು ಬೇಕಾದರೆ ‘ರಿಯಲಿ’ ಸಾಕು.

ಊ) ‘ಇಂಟರೆಸ್ಟಿಂಗ್’ ಮತ್ತು ‘ಇಂಟರೆಸ್ಟೆಡ್’ ಅದಲುಬದಲಾಗುವುದು. ಕಥೆ ‘ಇಂಟರೆಸ್ಟಿಂಗ್’, ಅದನ್ನು ಆಸಕ್ತಿಯಿಂದ ಕೇಳುವವರು ‘ಇಂಟರೆಸ್ಟೆಡ್’.

ಉಚ್ಚಾರಣೆಯ ಕಡೆಗೂ ಗಮನ ಬೇಕು. ಕನ್ನಡದಲ್ಲಿ ಮೆಚ್ಚುಗೆಯ ಒತ್ತು ಸ್ವರವನ್ನು ಎಳೆಯುವುದರಲ್ಲಿದೆ: ‘ಭಾ…ಳ ಛಲೋ’. ಇಂಗ್ಲಿಷಿನಲ್ಲಿ ಅದು ಪದದ ಒಂದು ಭಾಗವನ್ನು ಒತ್ತಿ, ದನಿ ಏರಿಸಿ ಇಳಿಸುವುದರಲ್ಲಿದೆ. ‘ಡಿಲಿಷಸ್’ ಪದದಲ್ಲಿ ಒತ್ತು ‘ಲಿ’ ಮೇಲೆ ಬೀಳಬೇಕು. ಸಪ್ಪೆ ದನಿಯಲ್ಲಿ ಹೇಳಿದ ‘ವೆರಿ ನೈಸ್’ ವ್ಯಂಗ್ಯದಂತೆ ಕೇಳಿಸಬಹುದು.

6. ಯಾರನ್ನು, ಏನನ್ನು ಮೆಚ್ಚಬೇಕು?

ಭಾಷೆಯ ಪಾಠ ಇಲ್ಲಿ ನಡವಳಿಕೆಯ ಪಾಠವೂ ಆಗುತ್ತದೆ. ನಮ್ಮ ಹಳ್ಳಿಗಳಲ್ಲಿ ಕೂಸಿನ ಚೆಲುವನ್ನು ಬಾಯಿತುಂಬ ಹೊಗಳಿದರೆ ದೃಷ್ಟಿಯಾದೀತು ಎಂದು ಹಿರಿಯರು ಹಿಂಜರಿಯುತ್ತಾರೆ. ಚಿಕ್ಕವರು ದೊಡ್ಡವರನ್ನು ಎದುರಿಗೇ ಹೊಗಳುವುದೂ ರೂಢಿಯಲ್ಲಿ ಕಡಿಮೆ. ಈ ಸಂಕೋಚವನ್ನು ಹಿಂದುಳಿದಿರುವಿಕೆ ಎಂದು ಭಾವಿಸಬೇಕಾಗಿಲ್ಲ. ಅದರಲ್ಲಿಯೇ ಒಂದು ಒಳ್ಳೆಯ ಮಾರ್ಗದರ್ಶನವಿದೆ: ಮೈಯನ್ನು ಹೊಗಳುವುದಕ್ಕಿಂತ ಮಾಡಿದ ಕೆಲಸವನ್ನು ಹೊಗಳುವುದು ಸುರಕ್ಷಿತ. ಬಣ್ಣ, ಎತ್ತರ, ದಪ್ಪ–ತೆಳುವಿಗೆ ಸಂಬಂಧಿಸಿದ ‘ಫೇರ್’, ‘ಸ್ಲಿಮ್’ನಂಥ ಪದಗಳನ್ನು ಈ ಪಾಠದಿಂದ ಪೂರ್ಣವಾಗಿ ಹೊರಗಿಡಬೇಕು. ಒಂದು ಮಗುವನ್ನು ‘ಫೇರ್’ ಎಂದು ಮೆಚ್ಚಿದೊಡನೆ ಅದೇ ಬೆಂಚಿನ ಇನ್ನೊಂದು ಮಗುವಿಗೆ ಏನನ್ನೋ ಹೇಳಿದಂತಾಗುತ್ತದೆ.

ಗೌರವದ ಪ್ರಶ್ನೆಯೂ ಇದೆ. ಕನ್ನಡದಲ್ಲಿ ‘ಛಲೋ ಹೇಳಿದಿ’ ಮತ್ತು ‘ಛಲೋ ಹೇಳಿದ್ರಿ’ ಎಂಬ ವ್ಯತ್ಯಾಸ ಕ್ರಿಯಾಪದದಲ್ಲಿಯೇ ಬರುತ್ತದೆ. ಇಂಗ್ಲಿಷಿನ ‘ಯು’ ಎಲ್ಲರಿಗೂ ಒಂದೇ ಆದ್ದರಿಂದ ಗೌರವ ಬೇರೆ ಕಡೆಯಿಂದ ಬರಬೇಕು. ‘ಗುಡ್ ಸ್ಟೋರಿ!’ ಎಂದು ಗುರುಗಳಿಗೆ ಹೇಳಿದರೆ ಹಿರಿಯರು ಕಿರಿಯರಿಗೆ ಶಹಬ್ಬಾಸ್ ಕೊಟ್ಟಂತೆ ಕೇಳಿಸುತ್ತದೆ. ‘ಐ ಲೈಕ್ಡ್ ಯುವರ್ ಸ್ಟೋರಿ, ಸರ್. ಇಟ್ ವಾಸ್ ವೆರಿ ಇಂಟರೆಸ್ಟಿಂಗ್’ ಎಂದರೆ ಹದವಾಗಿರುತ್ತದೆ.

ಮೆಚ್ಚುಗೆಗೆ ಉತ್ತರ ಕೊಡುವುದನ್ನೂ ಕಲಿಸಬೇಕು. ಯಾರಾದರೂ ಸೀರೆ ಚೆಂದವಿದೆ ಎಂದರೆ ‘ಏ, ಹಳೇದ ಐತ್ರಿ’ ಎನ್ನುವುದು ನಮ್ಮ ಸೌಜನ್ಯ. ಅದನ್ನೇ ಇಂಗ್ಲಿಷಿಗೆ ತಂದು ‘ನೋ, ನೋ’ ಎಂದರೆ ಹೇಳಿದವರ ಮಾತನ್ನು ತಳ್ಳಿಹಾಕಿದಂತಾಗುತ್ತದೆ. ‘ಥ್ಯಾಂಕ್ ಯು’ ಎಂದು ಹೇಳಿ, ಬಳಿಕ ‘ಮೈ ಸಿಸ್ಟರ್ ಹೆಲ್ಪ್ಡ್ ಮಿ’ ಎಂದು ಸೇರಿಸಿದರೆ ನಮ್ಮ ವಿನಯವೂ ಉಳಿಯುತ್ತದೆ, ಇಂಗ್ಲಿಷಿನ ರೂಢಿಯೂ ನಡೆಯುತ್ತದೆ.

7. ಮಾದರಿ ಪಾಠ: ಏಳನೇ ತರಗತಿ, ಅವಧಿ 40 ನಿಮಿಷ

ಕಲಿಕಾ ಫಲ: ಸಹಪಾಠಿಯ ಕೆಲಸವನ್ನು ಗಮನಿಸಿ, ಅದಕ್ಕೆ ಹೊಂದುವ ಗುಣವಾಚಕ ಬಳಸಿ, ಕಾರಣಸಹಿತ ಎರಡು ಇಂಗ್ಲಿಷ್ ವಾಕ್ಯಗಳನ್ನು ಹೇಳುವುದು ಮತ್ತು ಬರೆಯುವುದು.

ಬೋಧನೋಪಕರಣ: ಮಕ್ಕಳದೇ ನೋಟ್‌ಬುಕ್ಕು, ಚಿತ್ರಗಳು, ಒಂದು ಖಡಕ್ ರೊಟ್ಟಿ, ಒಂದು ಮೆತ್ತನೆಯ ರೊಟ್ಟಿ, ಚಿಕ್ಕ ಚೀಟಿಗಳು.

ಹಂತ 1, ಪೂರ್ವಜ್ಞಾನ (5 ನಿಮಿಷ): ಎರಡೂ ರೊಟ್ಟಿಗಳನ್ನು ತೋರಿಸಿ ‘ಇದನ್ನ ಹೆಂಗ ಹೊಗಳತೀರಿ?’ ಎಂದು ಕನ್ನಡದಲ್ಲಿ ಕೇಳಬೇಕು. ‘ಖಡಕ್’, ‘ಮೆತ್ತಗ’ ಬಂದ ಮೇಲೆ ‘ಕ್ರಿಸ್ಪಿ’, ‘ಸಾಫ್ಟ್’ ಪದಗಳನ್ನು ಕೊಡಬೇಕು. ಪದಗಳನ್ನು ಅದಲುಬದಲು ಮಾಡಿ ಹೇಳಿದರೆ ಮಕ್ಕಳು ನಗುತ್ತಾರೆ; ಸೂತ್ರ ತಿಳಿಯಿತು ಎಂಬುದಕ್ಕೆ ಆ ನಗುವೇ ಸಾಕ್ಷಿ.

ಹಂತ 2, ಪ್ರಸ್ತುತಿ (10 ನಿಮಿಷ): ಮೊದಲ ವಾಕ್ಯ ಮಾದರಿ ಮತ್ತು ‘ಕೈಕೆಲಸ’ ವರ್ಗದ ನಾಲ್ಕು ಪದಗಳು. ಪ್ರತಿ ಪದವನ್ನೂ ತರಗತಿಯಲ್ಲಿರುವ ಒಂದು ನಿಜವಾದ ವಸ್ತುವಿಗೆ ಜೋಡಿಸಿ, ಕಾರಣದ ವಾಕ್ಯದೊಡನೆ ಹೇಳಿ ತೋರಿಸಬೇಕು.

ಹಂತ 3, ಜೋಡಿ ಚಟುವಟಿಕೆ (10 ನಿಮಿಷ): ಕಪ್ಪುಹಲಗೆಯ ಮೇಲೆ ಆರು ವಸ್ತು, ಆರು ಗುಣವಾಚಕ. ಯಾವುದಕ್ಕೆ ಯಾವುದು, ಏಕೆ ಎಂದು ಜೋಡಿಗಳು ಚರ್ಚಿಸಿ ನಿರ್ಧರಿಸಬೇಕು. ಚರ್ಚೆ ಕನ್ನಡದಲ್ಲಿ ನಡೆದರೂ ಅಡ್ಡಿಯಿಲ್ಲ, ನಿರ್ಧಾರ ಇಂಗ್ಲಿಷಿನಲ್ಲಿ ಬರಬೇಕು. ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದು. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಯೋಜನೆ ಇಂಥ ಚಟುವಟಿಕೆಗಳನ್ನೇ ಆಧರಿಸಿತ್ತು. ಮಗುವಿನ ಗಮನ ಅರ್ಥದ ಮೇಲಿರುವಾಗ ಭಾಷೆ ಚೆನ್ನಾಗಿ ಬೆಳೆಯುತ್ತದೆ ಎಂಬುದು ಅದರ ತಿರುಳು.

ಹಂತ 4, ಚೀಟಿ ಬರವಣಿಗೆ (10 ನಿಮಿಷ): ಪ್ರತಿ ಮಗುವಿಗೂ ಬೇರೊಬ್ಬರ ನೋಟ್‌ಬುಕ್ಕು ಅಥವಾ ಚಿತ್ರವನ್ನು ಶಿಕ್ಷಕರೇ ಹಂಚಬೇಕು. ‘ನಿಮಗ ಬೇಕಾದವರಿಗೆ ಬರೀರಿ’ ಎಂದು ಬಿಟ್ಟರೆ ನಾಲ್ಕಾರು ಮಕ್ಕಳಿಗೆ ಹತ್ತು ಹತ್ತು ಚೀಟಿ ಬಂದು, ಹಿಂದಿನ ಬೆಂಚಿನ ಕೆಲವರಿಗೆ ಒಂದೂ ಬರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ತಂದೆತಾಯಿಯ ಜೊತೆ ದುಡಿಮೆಗೆಂದು ಗೋವಾಕ್ಕೋ ಮಹಾರಾಷ್ಟ್ರಕ್ಕೋ ಹೋಗಿ ತಿಂಗಳುಗಟ್ಟಲೆ ಬಿಟ್ಟು ಬರುವ ಮಕ್ಕಳಿದ್ದಾರೆ. ಅಂಥ ಮಗುವಿನ ನೋಟ್‌ಬುಕ್ಕು ಅರ್ಧ ಖಾಲಿ ಇರುತ್ತದೆ. ಅದರ ಬಗ್ಗೆ ‘ನೀಟ್’ ಎಂದು ಸುಳ್ಳು ಬರೆಯಿಸಬಾರದು, ಮಗುವನ್ನು ಚಟುವಟಿಕೆಯಿಂದ ಬಿಡಲೂಬಾರದು. ಶಿಕ್ಷಕರು ಮೊದಲೇ ಯೋಚಿಸಿ, ಆ ಮಗು ಬಿಡಿಸಿದ ಚಿತ್ರವನ್ನೋ, ಹೇಳಿದ ಊರಿನ ಕಥೆಯನ್ನೋ, ತಮ್ಮನನ್ನು ದಿನವೂ ಕರೆತರುವ ರೀತಿಯನ್ನೋ ಗೆಳೆಯರ ಗಮನಕ್ಕೆ ತರಬೇಕು. ‘ಇಂಟರೆಸ್ಟಿಂಗ್’, ‘ಕೈಂಡ್’ ಪದಗಳಿಗೆ ಅಲ್ಲಿ ನಿಜವಾದ ಜಾಗವಿದೆ.

ಹಂತ 5, ಉತ್ತರ ಮತ್ತು ಮುಕ್ತಾಯ (5 ನಿಮಿಷ): ಚೀಟಿಯನ್ನು ಓದಿ ಕೊಡುವುದು, ಪಡೆದವರು ‘ಥ್ಯಾಂಕ್ ಯು’ ಎಂದು ಒಂದು ವಾಕ್ಯ ಸೇರಿಸುವುದು. ಮನೆಗೆಲಸ: ಇಂದು ರಾತ್ರಿಯ ಊಟದ ಬಗ್ಗೆ ಒಂದು ಮೆಚ್ಚುಗೆಯನ್ನು ಇಂಗ್ಲಿಷಿನಲ್ಲಿ ಬರೆದು, ಅಡುಗೆ ಮಾಡಿದವರಿಗೆ ಅದನ್ನೇ ಕನ್ನಡದಲ್ಲಿ ಹೇಳಿ ಬರುವುದು.

8. ಪ್ರಶಿಕ್ಷಣಾರ್ಥಿಯ ಸ್ವಂತ ಮಾತು

ಮಕ್ಕಳಿಗೆ ಮೆಚ್ಚುಗೆಯ ಇಂಗ್ಲಿಷ್ ಹೆಚ್ಚಾಗಿ ಬರುವುದು ಪಠ್ಯಪುಸ್ತಕದಿಂದಲ್ಲ, ಶಿಕ್ಷಕರ ಬಾಯಿಂದ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಅಣುಬೋಧನೆಯನ್ನು ನಾವೆಲ್ಲ ಅಭ್ಯಾಸ ಮಾಡುತ್ತೇವೆ. ಅದರಲ್ಲಿ ಪುನರ್ಬಲನ ಕೌಶಲ್ಯವೂ ಒಂದು. ವೀಕ್ಷಣಾ ಪತ್ರದಲ್ಲಿ ‘ಗುಡ್’, ‘ವೆರಿ ಗುಡ್’, ‘ಎಕ್ಸಲೆಂಟ್’ ಎಷ್ಟು ಸಲ ಬಂತು ಎಂದು ಗೆರೆ ಎಳೆದು ಎಣಿಸುತ್ತೇವೆ. ಎಣಿಕೆ ಹೆಚ್ಚಾದಷ್ಟೂ ಅಂಕ ಹೆಚ್ಚು ಎಂಬ ನಂಬಿಕೆಯಿಂದ ಪ್ರಶಿಕ್ಷಣಾರ್ಥಿಗಳು ಅರೆಬರೆ ಉತ್ತರಕ್ಕೂ ‘ವೆರಿ ಗುಡ್’ ಎನ್ನತೊಡಗುತ್ತಾರೆ. ಎಲ್ಲಕ್ಕೂ ಸಿಗುವ ಮೆಚ್ಚುಗೆಗೆ ಮಕ್ಕಳು ಬೇಗನೆ ಕಿವಿಗೊಡುವುದನ್ನು ಬಿಡುತ್ತಾರೆ.

ಏನನ್ನು ಮೆಚ್ಚುತ್ತೇವೆ ಎಂಬುದು ಕಲಿಕೆಯ ಮೇಲೂ ಪ್ರಭಾವ ಬೀರುತ್ತದೆ. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ, ಐದನೇ ತರಗತಿಯ ಮಕ್ಕಳ ಮೇಲಿನ ಪ್ರಯೋಗಗಳಲ್ಲಿ ಕೆಲವು ಮಕ್ಕಳ ಜಾಣತನವನ್ನೂ ಕೆಲವು ಮಕ್ಕಳ ಪರಿಶ್ರಮವನ್ನೂ ಹೊಗಳಲಾಯಿತು. ಮುಂದೆ ಕಠಿಣ ಸಮಸ್ಯೆಗಳಲ್ಲಿ ಸೋತಾಗ, ಜಾಣರೆನಿಸಿಕೊಂಡ ಮಕ್ಕಳು ಬೇಗ ಕೈಚೆಲ್ಲಿದರು. ಪರಿಶ್ರಮಕ್ಕೆ ಮೆಚ್ಚುಗೆ ಪಡೆದವರು ಪ್ರಯತ್ನ ಮುಂದುವರಿಸಿದರು. ‘ಯು ಆರ್ ಕ್ಲೆವರ್’ ಎನ್ನುವುದಕ್ಕೂ ‘ದಟ್ಸ್ ಅ ಕ್ಲೆವರ್ ಆನ್ಸರ್’ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಮೊದಲನೆಯದು ಮಗುವಿಗೆ ಹಣೆಪಟ್ಟಿ ಹಚ್ಚುತ್ತದೆ, ಎರಡನೆಯದು ಅದು ಮಾಡಿದ ಕೆಲಸವನ್ನು ತೋರಿಸುತ್ತದೆ.

ಆದ್ದರಿಂದ ಪುನರ್ಬಲನ ಕೌಶಲ್ಯದ ವೀಕ್ಷಣಾ ಪತ್ರಕ್ಕೆ ಎರಡು ಕಾಲಂ ಸೇರಿಸುವುದು ಉಪಯುಕ್ತ. ಒಂದು, ಮೆಚ್ಚುಗೆಯಲ್ಲಿ ವಸ್ತುವಿನ ಹೆಸರು ಬಂತೇ? ಎರಡು, ಕಾರಣ ಬಂತೇ? ‘ಗುಡ್’ ಎಂದಷ್ಟೇ ಹೇಳಿದರೆ ಎರಡೂ ಕಾಲಂ ಖಾಲಿ. ‘ಗುಡ್ ಕ್ವೆಶ್ಚನ್. ನೋಬಡಿ ಆಸ್ಕ್ಡ್ ದಟ್’ ಎಂದರೆ ಎರಡೂ ತುಂಬಿದವು, ಅದೂ ಅದೇ ಹಳೆಯ ‘ಗುಡ್’ ಪದದಿಂದಲೇ.

9. ಮೌಲ್ಯಮಾಪನ

‘ಗುಡ್ ಪದಕ್ಕೆ ಐದು ಸಮಾನಾರ್ಥಕ ಪದ ಬರೆಯಿರಿ’ ಎಂಬ ಪ್ರಶ್ನೆ ನೆನಪನ್ನಷ್ಟೇ ಪರೀಕ್ಷಿಸುತ್ತದೆ. ಅದರ ಬದಲು ಸನ್ನಿವೇಶ ಕೊಡಬೇಕು. ಉದಾಹರಣೆಗೆ: ಶ್ರಾವಣದ ಬಸವೇಶ್ವರ ಜಾತ್ರೆಗೆ ಗೆಳತಿ ಬಣ್ಣ ಬಣ್ಣದ ಹೊಸ ಬಳೆ ಇಟ್ಟುಕೊಂಡು ಬಂದಿದ್ದಾಳೆ, ಏನು ಹೇಳುತ್ತೀರಿ? ನೀವು ಎರಡು ಸಲ ತಪ್ಪಿದರೂ ಗೆಳೆಯ ಬೇಸರಪಡದೆ ಲೆಕ್ಕ ಹೇಳಿಕೊಟ್ಟ, ಏನು ಹೇಳುತ್ತೀರಿ? ಬಿಸಿಯೂಟದ ಸಾರು ಇಂದು ಬಹಳ ರುಚಿಯಾಗಿದೆ, ಅಡುಗೆಯವರಿಗೆ ಏನು ಹೇಳುತ್ತೀರಿ? ಉತ್ತರದಲ್ಲಿ ಪದ ಸನ್ನಿವೇಶಕ್ಕೆ ಹೊಂದಿದ್ದರೆ ಎರಡು ಅಂಕ, ಕಾರಣಕ್ಕೆ ಎರಡು, ವಾಕ್ಯರಚನೆಗೆ ಒಂದು ಎಂದು ಹಂಚಬಹುದು. ರಚನೆಯ ಸಣ್ಣ ತಪ್ಪಿದ್ದರೂ ಪದ ಸರಿಯಾಗಿ ಆರಿಸಿದ ಮಗುವಿಗೆ ಅದರ ಫಲ ಸಿಗಬೇಕು.

ಉಪಸಂಹಾರ

ಒಂದು ಅವಧಿಗೆ ಒಂದು ವಾಕ್ಯ ಮಾದರಿ, ನಾಲ್ಕು ಗುಣವಾಚಕ, ಮಕ್ಕಳದೇ ನೋಟ್‌ಬುಕ್ಕು: ಈ ಪಾಠಕ್ಕೆ ಬೇಕಾದದ್ದು ಇಷ್ಟೇ. ವಾರಕ್ಕೊಂದು ಅವಧಿಯಂತೆ ಐದಾರು ವಾರ ನಡೆಸಿದರೆ ಎಲ್ಲ ವರ್ಗಗಳೂ ಮುಗಿಯುತ್ತವೆ. ಅಷ್ಟಾದ ಮೇಲೂ ಮಕ್ಕಳು ಒಮ್ಮೊಮ್ಮೆ ‘ನೈಸ್’ ಎನ್ನುತ್ತಾರೆ, ಎನ್ನಲಿ. ‘ನೈಸ್’ ಎಂದವರನ್ನು ತಿದ್ದಬೇಕಾಗಿಲ್ಲ. ‘ವಾಟ್ ಡು ಯು ಲೈಕ್ ಇನ್ ಇಟ್?’ ಎಂದು ಕೇಳಿ, ಉತ್ತರಕ್ಕೆ ಕಾಯ್ದರೆ ಸಾಕು.